ಬಳಗ ಪತ್ರಿಕೆಯಾಗುವುದಾದರೆ ‘ಬೇಡ’ ಎನ್ನುವವರು ಯಾರು?

ಮಸಿಕುಡಿಕೆ (ಚರ್ಚೆ ಆರಂಭಿಸಿದವರು)

ಬಳಗದ ಹಳೆಯ ಸದಸ್ಯರಿಗೆಲ್ಲ ನಮಸ್ಕಾರ. ಚಿತ್ರ, ಛಾಯಾಚಿತ್ರ, ಕತೆ, ಕವಿತೆ, ಕಸೂತಿ, ಅನಿಮೇಷನ್ ಎಂದು ಬೇರೆ ಬೇರೆ ಕೆಲಸದಲ್ಲಿ ತೊಡಗಿದವರು ಒಂದೇ ಸೂರಿನಡಿ ಕೂಡಿಕೊಂಡಿದ್ದ ನಮ್ಮ ಆನ್‌ಲೈನ್ ಬಳಗ ಈಚಿನ ವರ್ಷಗಳಲ್ಲಿ ಹೆಸರಿಗಷ್ಟೇ ಉಳಿದಿದೆ. ಅದನ್ನು ಬರೆಯುವವರು ಮತ್ತು ಕಲಾವಿದರೇ ನಡೆಸುವ ಆನ್‌ಲೈನ್ ಪತ್ರಿಕೆಯಾಗಿ ಮತ್ತೆ ಆರಂಭಿಸೋಣವೆಂಬ ಪ್ರಸ್ತಾಪಕ್ಕೆ ಹಲವರು ಒಪ್ಪಿಗೆ ತಿಳಿಸಿದ್ದೀರಿ. ಸಂತೋಷ. ಆದರೆ ಬಂದ ಪತ್ರಗಳಲ್ಲಿ ಬಹುಪಾಲು ಪತ್ರಿಕೆಯ ಹೆಸರು, ಲಾಂಛನ ಮತ್ತು ಮುಖಪುಟದ ಬಣ್ಣದ ಕುರಿತಾಗಿಯೇ ಇರುವುದನ್ನು ಕಂಡು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುತ್ತಿದ್ದೇವೇನೋ ಎಂಬ ಅಳುಕು ನನಗೆ ಹುಟ್ಟಿದೆ.

ಬಳಗಕ್ಕೂ ಪತ್ರಿಕೆಗೂ ಇರುವ ವ್ಯತ್ಯಾಸ ಬಣ್ಣದಲ್ಲಿಲ್ಲ. ಬಳಗದಲ್ಲಿ ಯಾರು ಬೇಕಾದರೂ ತಮ್ಮ ಕೃತಿಯನ್ನು ಗೋಡೆಗೆ ತೂಗುಹಾಕಬಹುದಿತ್ತು. ಪತ್ರಿಕೆಯಲ್ಲಿ ಯಾರೋ ಒಬ್ಬರು ಬಂದ ಕೃತಿಗಳನ್ನೆಲ್ಲ ನೋಡಿ, ಇದು ಇರಲಿ, ಅದು ಈಗ ಬೇಡ ಎಂದು ಹೇಳಲೇಬೇಕಾಗುತ್ತದೆ. ಹೀಗೆ ಹೇಳುವ ಕೆಲಸವನ್ನು ಯಾರು ಮಾಡುತ್ತಾರೆ, ಯಾವ ಅಧಿಕಾರದಿಂದ ಮಾಡುತ್ತಾರೆ, ಎಷ್ಟು ಕಾಲ ಮಾಡುತ್ತಾರೆ ಎಂಬುದು ಇತ್ಯರ್ಥವಾಗದೆ ನಾವು ಹೊಸ ಡೊಮೇನ್ (ಜಾಲತಾಣದ ವಿಳಾಸ) ಕೊಂಡರೆ ಆರು ತಿಂಗಳಲ್ಲಿ ಹಳೆಯ ಸ್ಥಿತಿಗೇ ಮರಳುತ್ತೇವೆ ಎಂದು ನನಗೆ ಅನಿಸುತ್ತದೆ.

ಹಳೆಯ ಬಳಗ ಸೊರಗಿದ್ದು ಕೃತಿಗಳ ಕೊರತೆಯಿಂದಲ್ಲ. ಕೊನೆಯ ದಿನಗಳಲ್ಲೂ ದಿನವಿಡೀ ಚಿತ್ರಗಳು ಬಂದು ಬೀಳುತ್ತಿದ್ದವು. ಅವುಗಳ ಮುಂದೆ ನಿಂತು ನೋಡುವವರು ಇರಲಿಲ್ಲ. ‘ಚೆನ್ನಾಗಿದೆ’ ಎಂಬ ಒಂದೇ ಪದ ಎಲ್ಲದಕ್ಕೂ ಉತ್ತರವಾಗಿತ್ತು. ಜಾಲತಾಣಗಳ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2006ರಲ್ಲಿ ಆನ್‌ಲೈನ್ ಸಮುದಾಯಗಳ ಬಗ್ಗೆ ಒಂದು ಸ್ಥೂಲ ಲೆಕ್ಕ ಕೊಟ್ಟಿದ್ದರು: ನೂರು ಜನರಲ್ಲಿ 90 ಮಂದಿ ಸುಮ್ಮನೆ ನೋಡುತ್ತಾರೆ, 9 ಮಂದಿ ಆಗೊಮ್ಮೆ ಈಗೊಮ್ಮೆ ಕೈಜೋಡಿಸುತ್ತಾರೆ, ಉಳಿದ ಒಬ್ಬರೇ ಹೆಚ್ಚಿನ ಕೆಲಸ ಮಾಡುತ್ತಾರೆ. ನಮ್ಮಲ್ಲಿ ಆ ಒಬ್ಬರ ಪಾಲನ್ನು ಹೊತ್ತವರು ಯಾರೆಂಬುದು ನಿಮಗೆಲ್ಲ ತಿಳಿದಿದೆ. ಅವರು ಜಗಳವಾಡಿ ಹೋದವರಲ್ಲ, ದಣಿದು ಹೋದವರು.

ಆದ್ದರಿಂದ ನನ್ನ ಕರಡು ಪ್ರಸ್ತಾಪ ಹೀಗಿದೆ. ವರ್ಷಕ್ಕೆ ನಾಲ್ಕು ಸಂಚಿಕೆಗಳು ಬರಲಿ. ಪ್ರತಿ ಸಂಚಿಕೆಗೂ ಮೂವರು ಸಂಪಾದಕರಿದ್ದು, ಮುಂದಿನ ಸಂಚಿಕೆಗೆ ಅವರಲ್ಲಿ ಇಬ್ಬರು ಬದಲಾಗಲಿ; ಒಬ್ಬರು ಉಳಿದರೆ ಕೆಲಸದ ಎಳೆ ಕಡಿಯುವುದಿಲ್ಲ. ಪತ್ರಿಕೆಯಲ್ಲಿ ಒಮ್ಮೆ ಪ್ರಕಟವಾದವರು ಮುಂದೆ ಒಂದು ಸಂಚಿಕೆಗಾದರೂ ಇತರರ ಕೃತಿಗಳನ್ನು ಓದುವ ಹೊಣೆ ಹೊರಲಿ. ನಡೆಸುವವರು ನಾವೇ ಎಂಬ ಮಾತಿಗೆ ನನ್ನ ಮಟ್ಟಿಗೆ ಇದೇ ಅರ್ಥ. ಇದನ್ನು ಒಪ್ಪುವವರಿಗಿಂತ ಒಪ್ಪದವರು ಮೊದಲು ಮಾತನಾಡಲಿ ಎಂದು ಕೋರುತ್ತೇನೆ.

ಹಳೇಕುಂಚ

ಒಪ್ಪದವರಲ್ಲಿ ನಾನೊಬ್ಬ, ಆದ್ದರಿಂದ ಮೊದಲು ಬರೆಯುತ್ತಿದ್ದೇನೆ. ನಾನು ಈ ಬಳಗಕ್ಕೆ ಬಂದಾಗ ನನಗೆ ಜಲವರ್ಣದಲ್ಲಿ ಆಕಾಶಕ್ಕೆ ಬಣ್ಣ ಹರಡುವುದಕ್ಕೂ ಸರಿಯಾಗಿ ಬರುತ್ತಿರಲಿಲ್ಲ. ಆ ದಿನ ಮೂವರು ಸಂಪಾದಕರು ಬಾಗಿಲಲ್ಲಿ ಕುಳಿತಿದ್ದರೆ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ, ಬಿಡಬಾರದಿತ್ತು ಕೂಡ. ನಾನು ಮರಳಿ ಬರುತ್ತಲೂ ಇರಲಿಲ್ಲ.

ಆಯ್ಕೆಯ ಬಾಗಿಲು ಎಷ್ಟು ಕಿರಿದಾದರೆ ಏನಾಗುತ್ತದೆ ಎಂಬುದಕ್ಕೆ ಅಂತರಜಾಲದಲ್ಲಿಯೇ ಪ್ರಸಿದ್ಧ ನಿದರ್ಶನವಿದೆ. ವಿಕಿಪೀಡಿಯಕ್ಕೂ ಮೊದಲು, 2000ದಲ್ಲಿ, ಅದೇ ಜನ ನ್ಯೂಪೀಡಿಯ ಎಂಬ ವಿಶ್ವಕೋಶವನ್ನು ಆರಂಭಿಸಿದ್ದರು. ಅಲ್ಲಿ ಒಂದು ಲೇಖನ ಪ್ರಕಟವಾಗಬೇಕಾದರೆ ಏಳು ಹಂತಗಳ ಪರಿಶೀಲನೆಯನ್ನು ದಾಟಬೇಕಿತ್ತು. ಮೊದಲ ವರ್ಷದಲ್ಲಿ ದಾಟಿದ್ದು 21 ಲೇಖನಗಳು ಮಾತ್ರ. 2001ರ ಜನವರಿಯಲ್ಲಿ ಬಾಗಿಲು ತೆರೆದಿಟ್ಟ ವಿಕಿಪೀಡಿಯದಲ್ಲಿ ಒಂದು ವರ್ಷ ತುಂಬುವಷ್ಟರಲ್ಲಿ ಸುಮಾರು 18,000 ಲೇಖನಗಳಾಗಿದ್ದವು. ನಮ್ಮ ಪತ್ರಿಕೆ ಈ ಎರಡರಲ್ಲಿ ಯಾವುದಾಗಬೇಕೆಂಬುದನ್ನು ಯೋಚಿಸಿ. ಮಂತ್ರಕ್ಕಿಂತ ಉಗುಳೇ ಹೆಚ್ಚಾದರೆ ದೇವರೂ ಬರುವುದಿಲ್ಲ.

ಎರಡನೇಕರಡು

ಹಳೇಕುಂಚದವರ ನಿದರ್ಶನ ಸರಿಯಾಗಿದೆ, ಅದರಿಂದ ಅವರು ತೆಗೆದ ತೀರ್ಮಾನ ಸರಿಯಿಲ್ಲ ಎಂದು ವಿನಯದಿಂದ ಹೇಳಬಯಸುತ್ತೇನೆ. ವಿಶ್ವಕೋಶದ ಲೇಖನವೊಂದು ಇಂದು ಕಳಪೆಯಾಗಿದ್ದರೆ ನಾಳೆ ಇನ್ನೊಬ್ಬರು ಬಂದು ಅದನ್ನು ತಿದ್ದಬಹುದು. ಬಾಗಿಲು ತೆರೆದಿಟ್ಟದ್ದು ಅಲ್ಲಿ ಫಲ ಕೊಟ್ಟಿದ್ದು ಅದಕ್ಕಾಗಿಯೇ. ನಿಮ್ಮ ಜಲವರ್ಣದ ಆಕಾಶವನ್ನು ಮರುದಿನ ನಾನು ಬಂದು ತಿದ್ದಲಾಗುವುದಿಲ್ಲ. ಕವಿತೆಯ ಮೂರನೆಯ ಸಾಲು ಸಡಿಲವಾಗಿದ್ದರೆ ಅದನ್ನು ಬಿಗಿಗೊಳಿಸಬೇಕಾದವರು ಬರೆದವರೇ. ಕೃತಿಗೆ ಒಡೆಯರಿರುವ ಕಡೆ ತಿದ್ದುಪಡಿ ಪ್ರಕಟಣೆಗೆ ಮೊದಲೇ ಆಗಬೇಕು, ಅದೂ ಅವರ ಕೈಯಿಂದಲೇ. ನ್ಯೂಪೀಡಿಯದಿಂದ ನಾವು ಕಲಿಯಬೇಕಾದದ್ದು ಹಂತಗಳು ಏಳು ಇರಬಾರದು ಎಂಬುದನ್ನು. ಹಂತವೇ ಇರಬಾರದು ಎಂಬುದನ್ನಲ್ಲ.

ನನ್ನ ಅನುಭವವನ್ನೂ ಇಲ್ಲಿ ಹೇಳುತ್ತೇನೆ. ಕೆಲವು ಕಾಲ ನಾನು ಒಂದು ಸಾಹಿತ್ಯ ಪತ್ರಿಕೆಗೆ ಸಂಬಳವಿಲ್ಲದ ಸಂಪಾದಕಿಯಾಗಿದ್ದೆ. ಬಂದ ಕೃತಿಗಳ ರಾಶಿ ದೊಡ್ಡದಿತ್ತು, ಓದುವವರು ಇಬ್ಬರೇ ಇದ್ದೆವು. ಚೆನ್ನಾಗಿರುವುದನ್ನು ಒಪ್ಪುವುದು ಸುಲಭ, ಕೆಟ್ಟದ್ದನ್ನು ಬಿಡುವುದೂ ಸುಲಭ. ನಡುವೆ ಇರುವ, ಇನ್ನೊಂದು ಕರಡು ಬರೆದರೆ ಒಳ್ಳೆಯದಾಗಬಹುದಾದ ಕೃತಿಗಳಿಗೆ ಪತ್ರ ಬರೆಯುವುದೇ ಕಷ್ಟದ ಕೆಲಸ. ಅದಕ್ಕೆ ಕೃತಿಯನ್ನು ಎರಡು ಬಾರಿ ಓದಬೇಕು, ಎಲ್ಲಿ ಎಡವಿದೆ ಎಂದು ಗುರುತಿಸಬೇಕು, ಅದನ್ನು ಮನಸ್ಸಿಗೆ ನೋವಾಗದ ಆದರೆ ಮಸುಕಾಗದ ಮಾತಿನಲ್ಲಿ ಹೇಳಬೇಕು. ನಾವು ಏನು ಮಾಡಿದೆವು ಗೊತ್ತೇ? ಅಂಥ ಕೃತಿಗಳನ್ನು ‘ಆಮೇಲೆ’ ಎಂಬ ಕಡತದಲ್ಲಿ ಇಟ್ಟೆವು. ಒಂದು ವರ್ಷವಾದ ಮೇಲೆ ಆ ಕಡತದಲ್ಲಿದ್ದವರೊಬ್ಬರು ನನಗೆ ಬರೆದ ಪತ್ರದಲ್ಲಿ, ತಿರಸ್ಕರಿಸಿದ್ದರೆ ಬೇರೆ ಕಡೆ ಕಳುಹಿಸುತ್ತಿದ್ದೆ, ನೀವು ಅದನ್ನೂ ಮಾಡಲಿಲ್ಲ ಎಂದಿದ್ದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಪತ್ರ ಓದಿದ ಮೇಲೆಯೇ ನಾನು ಸಂಪಾದಕತ್ವ ಬಿಟ್ಟದ್ದು.

ಹಾಗಾಗಿ ನನ್ನ ಬೇಡಿಕೆಗಳು ಎರಡೇ. ಪ್ರತಿ ಕೃತಿಯನ್ನೂ ಇಬ್ಬರು ಓದಲಿ, ಇಬ್ಬರಿಗೂ ಒಮ್ಮತವಾಗದಿದ್ದರೆ ಮಾತ್ರ ಮೂರನೆಯವರ ಬಳಿ ಹೋಗಲಿ. ಕೃತಿ ತಲುಪಿದ 21 ದಿನಗಳೊಳಗೆ ಇರಲಿ, ಬೇಡ, ಅಥವಾ ಹೀಗೆ ತಿದ್ದಿ ಕಳುಹಿಸಿ ಎಂಬ ಮೂರರಲ್ಲೊಂದು ಉತ್ತರ ಹೋಗಲೇಬೇಕು. ಉತ್ತರಿಸಲಾಗದಷ್ಟು ಕೃತಿಗಳು ಬಂದರೆ ಸ್ವೀಕರಿಸುವುದನ್ನು ಕೆಲವು ವಾರ ನಿಲ್ಲಿಸುವುದು ಮರ್ಯಾದೆಯ ದಾರಿ.

ನೆರಳುಬೆಳಕು

ಸಹ ಕಲಾವಿದರೇ ಸಹ ಕಲಾವಿದರಿಗೆ ‘ಬೇಡ’ ಎನ್ನುವುದು ಹೊಸ ಸಂಗತಿಯೇನಲ್ಲ. ಛಾಯಾಗ್ರಾಹಕರ ಲೋಕದಲ್ಲಿ ಅದಕ್ಕೆ ಮುಕ್ಕಾಲು ಶತಮಾನದ ಇತಿಹಾಸವಿದೆ. ರಾಬರ್ಟ್ ಕಾಪಾ, ಆನ್ರಿ ಕಾರ್ತಿಯೇ ಬ್ರೆಸೋಂ, ಡೇವಿಡ್ ಸೀಮೋರ್, ಜಾರ್ಜ್ ರಾಜರ್ ಮೊದಲಾದವರು 1947ರಲ್ಲಿ ಮ್ಯಾಗ್ನಮ್ ಸಂಸ್ಥೆಯನ್ನು ಸಹಕಾರಿ ಮಾದರಿಯಲ್ಲಿ ಕಟ್ಟಿದಾಗ ಅದರ ಒಡೆತನ ಛಾಯಾಗ್ರಾಹಕರದೇ ಆಗಿತ್ತು. ತೆಗೆದ ಚಿತ್ರದ ಹಕ್ಕು ಕೆಲಸ ಕೊಟ್ಟ ಪತ್ರಿಕೆಯ ಪಾಲಾಗದೆ ತೆಗೆದವರಲ್ಲಿಯೇ ಉಳಿಯಬೇಕೆಂಬುದು ಅವರ ಮೂಲ ಹಟ. ಅಲ್ಲಿಗೆ ಹೊಸಬರು ಸೇರಬೇಕಾದರೆ ಈಗಿರುವ ಸದಸ್ಯರು ಅವರ ಕೆಲಸವನ್ನು ನೋಡಿ ಮತ ಹಾಕುತ್ತಾರೆ. ಪೂರ್ಣ ಸದಸ್ಯತ್ವಕ್ಕೆ ಮೊದಲು ಇನ್ನೂ ಎರಡು ಮೆಟ್ಟಿಲುಗಳಿವೆ. ನಾವು ಅಷ್ಟು ಬಿಗಿಯಾಗಬೇಕಿಲ್ಲ. ಆದರೆ ಕಲಾವಿದರೇ ನಡೆಸುವುದು ಎಂದರೆ ಎಲ್ಲರಿಗೂ ಎಲ್ಲವೂ ತೆರೆದಿರುವುದು ಎಂದು ಅರ್ಥವಲ್ಲ.

ಮ್ಯಾಗ್ನಮ್ ಅನ್ನು ನೆನೆದದ್ದಕ್ಕೆ ಇನ್ನೊಂದು ಕಾರಣ ಹಕ್ಕಿನ ಪ್ರಶ್ನೆ. ಇಲ್ಲಿಯವರೆಗೆ ಯಾರೂ ಅದನ್ನು ಎತ್ತಿಲ್ಲ. ಹಳೆಯ ಬಳಗದಲ್ಲಿರುವ ಸಾವಿರಾರು ಕೃತಿಗಳಲ್ಲಿ ಒಳ್ಳೆಯವನ್ನು ಆರಿಸಿ ಮೊದಲ ಸಂಚಿಕೆಯನ್ನು ತುಂಬಿಸಬಹುದು ಎಂದು ಒಬ್ಬಿಬ್ಬರು ಸೂಚಿಸಿದ್ದನ್ನು ನಾನು ಕೇಳಿದ್ದೇನೆ. ದಯವಿಟ್ಟು ಅದನ್ನು ಮಾಡಬೇಡಿ. ಸದಸ್ಯರು ತಮ್ಮ ಚಿತ್ರವನ್ನು ಬಳಗದ ಗೋಡೆಯ ಮೇಲೆ ತೋರಿಸಲು ಒಪ್ಪಿದ್ದರು. ಅದನ್ನು ಪತ್ರಿಕೆಯೊಂದರಲ್ಲಿ, ಇನ್ನೊಬ್ಬರು ಆರಿಸಿದ ಕ್ರಮದಲ್ಲಿ, ಇನ್ನೊಬ್ಬರು ಕೊಟ್ಟ ಶೀರ್ಷಿಕೆಯ ಕೆಳಗೆ ಪ್ರಕಟಿಸಲು ಒಪ್ಪಿರಲಿಲ್ಲ. ಅದು ಹೊಸ ಪ್ರಕಟಣೆ, ಅದಕ್ಕೆ ಹೊಸ ಅನುಮತಿಯೇ ಬೇಕು. ಪತ್ರ ಬರೆದೆವು, ಉತ್ತರ ಬರಲಿಲ್ಲ, ಆದ್ದರಿಂದ ಒಪ್ಪಿದಂತೆಯೇ ಎಂಬ ತರ್ಕ ನಡೆಯುವುದಿಲ್ಲ. ಉತ್ತರ ಬಾರದವರ ಪೈಕಿ ಕೆಲವರು ಈಗ ಬದುಕಿಲ್ಲದಿರಬಹುದು, ಕೆಲವರು ಅಂದಿನ ಕೆಲಸವನ್ನು ನೆನೆದರೆ ನಾಚುವವರಿರಬಹುದು. ಹತ್ತು ವರ್ಷಗಳ ಹಿಂದೆ ನಾನೇ ಹಾಕಿದ ಸೂರ್ಯಾಸ್ತಗಳನ್ನು ಯಾರಾದರೂ ಇಂದು ಮುಖಪುಟಕ್ಕೆ ಏರಿಸಿದರೆ ನನಗೆ ಸಿಟ್ಟೇ ಬರುತ್ತದೆ. ಕಲಾವಿದರಿಗೂ ‘ಬೇಡ’ ಎನ್ನುವ ಹಕ್ಕಿದೆ, ಅದು ಸಂಪಾದಕರ ಹಕ್ಕಿಗಿಂತ ಹಿರಿದು.

ಹೊಸ ಕೃತಿಗಳಿಗೆ ಒಪ್ಪಂದ ಸರಳವಾಗಿರಲಿ: ಹಕ್ಕುಸ್ವಾಮ್ಯ ಕಲಾವಿದರದು, ಪತ್ರಿಕೆಗೆ ಸಿಗುವುದು ಪ್ರಕಟಿಸುವ ಮತ್ತು ಹಳೆಯ ಸಂಚಿಕೆಗಳಲ್ಲಿ ಉಳಿಸಿಕೊಳ್ಳುವ ಅನುಮತಿ ಮಾತ್ರ, ಅದೇ ಕೃತಿಯನ್ನು ಕಲಾವಿದರು ಬೇರೆಲ್ಲಿ ಬೇಕಾದರೂ ಕೊಡಬಹುದು. ಎಲ್ಲವನ್ನೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ (ಕೆಲವು ಷರತ್ತುಗಳ ಮೇಲೆ ಯಾರು ಬೇಕಾದರೂ ಕೃತಿಯನ್ನು ಬಳಸಲು ಕಲಾವಿದರು ಮೊದಲೇ ಕೊಡುವ ಅನುಮತಿ) ತರಬೇಕು ಎನ್ನುವವರಿಗೆ ಒಂದು ಎಚ್ಚರಿಕೆ. 2002ರಿಂದ ಬಳಕೆಯಲ್ಲಿರುವ ಆ ಪರವಾನಗಿಗಳು ಒಳ್ಳೆಯವೇ, ನಾನೂ ಬಳಸಿದ್ದೇನೆ. ಆದರೆ ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂಪಡೆಯಲಾಗುವುದಿಲ್ಲ. ಬದಲಾವಣೆಗೆ ಮತ್ತು ವ್ಯಾಪಾರಕ್ಕೆ ಅವಕಾಶ ಕೊಡುವ, ಕೊಡದ ಬಗೆಗಳು ಅದರಲ್ಲೇ ಇವೆ. ಯಾವುದನ್ನು ಆರಿಸಬೇಕು, ಆರಿಸಬೇಕೋ ಬೇಡವೋ ಎಂಬುದು ಒಬ್ಬೊಬ್ಬ ಕಲಾವಿದರಿಗೆ ಬಿಟ್ಟ ಮಾತಾಗಿರಲಿ, ಪತ್ರಿಕೆಯ ಷರತ್ತಾಗದಿರಲಿ.

ಬೀಗದಕೈ

ಸರ್ವರ್ ನೋಡಿಕೊಳ್ಳುವವನಾಗಿ ನನ್ನ ಮಾತು. ಪ್ರಕಟಿಸಲು ಅನುಮತಿ ಬೇಕು ಎಂಬುದನ್ನು ಒಪ್ಪುತ್ತೇನೆ, ಆದರೆ ಉಳಿಸಿಕೊಳ್ಳುವುದು ಬೇರೆ ವಿಷಯ. ಹೊಸದನ್ನು ಕಟ್ಟುವ ಉತ್ಸಾಹದಲ್ಲಿ ಹಳೆಯದನ್ನು ಕಳೆದುಕೊಳ್ಳುವುದು ನಮ್ಮಂಥವರಿಗೆ ಮಾತ್ರ ಆಗುವಂಥದ್ದಲ್ಲ. ಜನ ಸ್ವತಃ ಕಟ್ಟಿದ ಲಕ್ಷಾಂತರ ಪುಟಗಳಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಅದರಲ್ಲಿ ಇಂದು ನೋಡಸಿಗುವ ಭಾಗ ಉಳಿದಿರುವುದು ಹೊರಗಿನ ಸ್ವಯಂಸೇವಕರು ಹಟ ಹಿಡಿದು ಪ್ರತಿ ಮಾಡಿಕೊಂಡಿದ್ದರಿಂದ. ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣ ಸರ್ವರ್ ಬದಲಾಯಿಸುವಾಗ 2015ರವರೆಗಿನ ಸುಮಾರು 12 ವರ್ಷಗಳ ಸಂಗೀತವನ್ನು ಕಳೆದುಕೊಂಡದ್ದು 2019ರಲ್ಲಿ ಬಯಲಾಯಿತು. ನಾವು ಮೊದಲು ಎರಡು ಪ್ರತಿಗಳನ್ನು ಎರಡು ಬೇರೆ ಕಡೆ ಇಟ್ಟು, ಅವು ತೆರೆಯುತ್ತವೆಯೇ ಎಂದು ನೋಡಿ, ಆಮೇಲೆ ಮಾತ್ರ ಹಳೆಯ ಮನೆಯ ಬಾಗಿಲು ಮುಟ್ಟಬೇಕು. ಸದಸ್ಯರಿಗೆ ತಮ್ಮ ಕೃತಿಗಳನ್ನು ಇಳಿಸಿಕೊಳ್ಳಲು ಮೂರು ತಿಂಗಳು ಕೊಡೋಣ. ಹಳೆಯ ವಿಳಾಸಗಳು ಸತ್ತ ಕೊಂಡಿಗಳಾಗದೆ ಹೊಸ ಜಾಗಕ್ಕೆ ಕರೆದೊಯ್ಯುವಂತೆ 301 ಮರುನಿರ್ದೇಶನ ಹಾಕುವುದು ನನ್ನ ಕೆಲಸ.

ಯಾರು ‘ಬೇಡ’ ಎನ್ನುತ್ತಾರೆ ಎಂಬುದಕ್ಕೆ ತಂತ್ರಾಂಶದಲ್ಲೂ ಒಂದು ಉತ್ತರ ಅಡಗಿರುತ್ತದೆ, ಅದನ್ನು ಗಮನಿಸದೆ ಒಪ್ಪಿಕೊಂಡರೆ ಅದೇ ನಮ್ಮ ಸಂವಿಧಾನವಾಗಿಬಿಡುತ್ತದೆ. ವರ್ಡ್‌ಪ್ರೆಸ್ ಎಂಬ ಜಾಲತಾಣ ನಡೆಸುವ ತಂತ್ರಾಂಶವನ್ನು ಬಳಸುವುದಾದರೆ ಅದರಲ್ಲಿ ಕಾಂಟ್ರಿಬ್ಯೂಟರ್ ಎಂಬ ಹುದ್ದೆಯಿದೆ. ಆ ಹುದ್ದೆಯವರು ಕರಡು ಬರೆಯಬಹುದು, ಪ್ರಕಟಿಸಲಾರರು. ಸರಿಯೇ. ಆದರೆ ಅವರು ಚಿತ್ರವನ್ನೂ ಏರಿಸಲಾರರು! ಕಲಾಪತ್ರಿಕೆಗೆ ಇದೊಂದು ತಮಾಷೆಯ ನಿಯಮ. ಅದರ ಮೇಲಿನ ಆಥರ್ ಹುದ್ದೆ ಕೊಟ್ಟರೆ ಚಿತ್ರ ಏರಿಸಬಹುದು, ಜೊತೆಗೆ ಯಾರನ್ನೂ ಕೇಳದೆ ಪ್ರಕಟಿಸಲೂಬಹುದು. ನಮಗೆ ಬೇಕಾದದ್ದು ಇವೆರಡರ ನಡುವಿನದು. ಕಾಂಟ್ರಿಬ್ಯೂಟರ್ ಹುದ್ದೆಗೆ ಚಿತ್ರ ಏರಿಸುವ ಅನುಮತಿಯನ್ನಷ್ಟೇ ಸೇರಿಸಿದರೆ ಸಾಕು, ಸಣ್ಣ ಕೆಲಸ; ಅದನ್ನು ಮೊದಲ ದಿನವೇ ಮಾಡಬೇಕು.

ಉಳಿದವು ಚುಟುಕಾಗಿ: ಚಿತ್ರಗಳು ಎಸ್‌ಆರ್‌ಜಿಬಿ ಎಂಬ, ಪರದೆಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣವಿಧಾನದಲ್ಲಿರಲಿ, ಇಲ್ಲವಾದರೆ ಕೆಲವು ಪರದೆಗಳಲ್ಲಿ ಬಣ್ಣ ಸಪ್ಪೆಯಾಗಿ ಕಾಣುತ್ತದೆ, ಕಣ್ಣು ಕಾಣದ ಓದುಗರಿಗಾಗಿ ಪ್ರತಿ ಚಿತ್ರಕ್ಕೂ ವಿವರಣೆಯನ್ನು ಕಲಾವಿದರೇ ಬರೆಯಲಿ, ಡೊಮೇನ್ ಮತ್ತು ಪಾಸ್‌ವರ್ಡ್ ಮೂವರ ಬಳಿ ಇರಲಿ. ಈಗ ಅವು ನನ್ನೊಬ್ಬನ ಬಳಿ ಮಾತ್ರ ಇವೆ, ಇದು ನನಗೇ ಭಯ ಹುಟ್ಟಿಸುವ ಸಂಗತಿ.

ದಾರದುಂಡೆ

ಮೂವರು ಸಂಪಾದಕರು ಎಂದಿರಿ. ಮೂವರೂ ಬರಹಗಾರರೇ ಆಗಿದ್ದರೆ ನನ್ನ ಕಸೂತಿಯನ್ನು ಏನೆಂದು ನೋಡುತ್ತಾರೆ? ಕತೆಯೊಂದರ ಪಕ್ಕದ ಅಲಂಕಾರವೆಂದು. ಬಟ್ಟೆಯ ಹಿಂಬದಿಯನ್ನು ತೋರಿಸಿ ಎಂದು ಕೇಳಬಲ್ಲವರು, ಅಲ್ಲಿ ಗಂಟುಗಳು ಹೇಗೆ ಕುಳಿತಿವೆ ಎಂದು ನೋಡಬಲ್ಲವರು ಒಬ್ಬರಾದರೂ ಆ ಕೋಣೆಯಲ್ಲಿ ಇರಬೇಕು. ‘ಬೇಡ’ ಎಂದರೂ ಸರಿ, ಹಿಂಬದಿ ನೋಡಿ ‘ಬೇಡ’ ಎನ್ನಲಿ.

ಇನ್ನೊಂದು ಮಾತು, ಹಳೇಕುಂಚದವರು ಅರ್ಧ ಹೇಳಿ ಬಿಟ್ಟದ್ದು. ನಾನು ಬಳಗಕ್ಕೆ ಬರುತ್ತಿದ್ದುದು ಮುಗಿದ ಕೆಲಸ ತೋರಿಸಲಿಕ್ಕಲ್ಲ. ಚೌಕಟ್ಟಿನಲ್ಲಿ ಇನ್ನೂ ಬಿಗಿದಿರುವ, ಒಂದು ಮೂಲೆ ಖಾಲಿಯಿರುವ ಬಟ್ಟೆಯ ಚಿತ್ರ ಹಾಕಿ, ಇಲ್ಲಿಗೆ ಕಡುನೀಲಿ ತರಲೇ, ಬಿಡಲೇ ಎಂದು ಕೇಳಲಿಕ್ಕೆ. ಪತ್ರಿಕೆಯಲ್ಲಿ ಮುಗಿದದ್ದಕ್ಕೆ ಮಾತ್ರ ಜಾಗ. ಮುಗಿಯದ್ದು ಎಲ್ಲಿಗೆ ಹೋಗಬೇಕು?

ಮಸಿಕುಡಿಕೆ

ದಾರದುಂಡೆಯವರ ಪ್ರಶ್ನೆಗೆ ನನ್ನ ಪ್ರಸ್ತಾಪದಲ್ಲಿ ಉತ್ತರವಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಅದನ್ನು ಓದಿದ ಮೇಲೆ ಎರಡು ದಿನ ಯೋಚಿಸಿದೆ. ಬಳಗವನ್ನು ಪತ್ರಿಕೆಯಾಗಿ ಬದಲಾಯಿಸುವುದು ಎಂದೇ ನಾನು ಹೇಳುತ್ತಾ ಬಂದಿದ್ದೆ. ಬಳಗ ಬದಲಾಗದೆ ಪತ್ರಿಕೆಯ ಹಿಂದಿನ ಕೋಣೆಯಾಗಿ ಉಳಿಯಬಹುದಲ್ಲವೇ? ಮುಂದಿನ ಕೋಣೆಯಲ್ಲಿ ವರ್ಷಕ್ಕೆ ನಾಲ್ಕು ಬಾರಿ ಆರಿಸಿದ ಕೃತಿಗಳು, ಹಿಂದಿನ ಕೋಣೆಯಲ್ಲಿ ಮೇಜಿನ ಮೇಲೆ ಹರಡಿಕೊಂಡ ಕರಡುಗಳು. ಹಳೇಕುಂಚದವರ ಆಕಾಶ ಅಲ್ಲಿಗೆ ಬರಲಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಅಲ್ಲಿಗೊಂದು ನಿಯಮ ಬೇಕು: ತಮ್ಮ ಒಂದು ಕೃತಿ ಇಡುವ ಮೊದಲು ಬೇರೆಯವರ ಎರಡು ಕೃತಿಗಳ ಬಗ್ಗೆ ನಾಲ್ಕು ಸಾಲಾದರೂ ಬರೆಯಬೇಕು, ಅದರಲ್ಲಿ ‘ಚೆನ್ನಾಗಿದೆ’ ಎಂಬ ಪದವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಬೇಡ’ ಎನ್ನುವುದನ್ನು ಕಲಿಯುವುದಕ್ಕೂ ಅದೇ ಗರಡಿಮನೆ. ಅಲ್ಲಿ ಒಳ್ಳೆಯ ಟಿಪ್ಪಣಿ ಬರೆಯುವವರನ್ನೇ ಮುಂದಿನ ಸಂಚಿಕೆಯ ಸಂಪಾದಕರನ್ನಾಗಿ ಕರೆಯಬಹುದು, ಅವರ ಹೆಸರು ಎಷ್ಟು ಸಲ ಪ್ರಕಟವಾಗಿದೆ ಎಂದು ನೋಡುವ ಅಗತ್ಯವಿಲ್ಲ.

ಮೂವರಲ್ಲಿ ಒಬ್ಬರು ಬರಹದಿಂದ, ಒಬ್ಬರು ಚಿತ್ರದಿಂದ, ಒಬ್ಬರು ಕೈಕೆಲಸದಿಂದ ಎಂದು ಗೊತ್ತುಮಾಡೋಣ. ಸಂಪಾದಕರು ತಾವು ರೂಪಿಸುವ ಸಂಚಿಕೆಯಲ್ಲಿ ಮುನ್ನುಡಿಯ ಹೊರತು ತಮ್ಮದೇನನ್ನೂ ಪ್ರಕಟಿಸಬಾರದು ಎಂಬುದನ್ನೂ ಸೇರಿಸುತ್ತೇನೆ. ಇದು ಕೆಲವರಿಗೆ ರುಚಿಸಲಿಕ್ಕಿಲ್ಲ.

ಹಳೇಕುಂಚ

ಹಿಂದಿನ ಕೋಣೆಯಿರುವುದಾದರೆ ನನ್ನ ಮುಖ್ಯ ಆಕ್ಷೇಪ ಬಿದ್ದುಹೋಗುತ್ತದೆ. ಈಗ ಉಳಿದಿರುವುದು ಅನುಮಾನ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ಮೊದಲ ಸಂಚಿಕೆಗೆ ಸಂಪಾದಕರು ಸಾಲುಗಟ್ಟಿ ಬರುತ್ತಾರೆ, ಮೂರನೆಯದಕ್ಕೆ ಯಾರು ಬರುತ್ತಾರೆ? ಪತ್ರಿಕೆಯನ್ನು ಘೋಷಿಸುವ ಮೊದಲೇ ಎರಡು ಸಂಚಿಕೆಗಳಿಗೆ ಸಾಕಾಗುವಷ್ಟು ಕೃತಿಗಳು ಮತ್ತು ಆರು ಸಂಪಾದಕರ ಹೆಸರು ಕೈಯಲ್ಲಿರಬೇಕು ಎಂದು ಷರತ್ತು ಹಾಕಿಕೊಳ್ಳೋಣ. ಅಷ್ಟು ಸಿಗದಿದ್ದರೆ ಆರಂಭಿಸುವುದು ಬೇಡ. ನಾನೂ ‘ಬೇಡ’ ಎನ್ನಲು ಕಲಿಯುತ್ತಿದ್ದೇನೆ, ನೋಡಿ.

ಹಣದ ಮಾತು ಯಾರೂ ಆಡಿಲ್ಲ. ಡೊಮೇನ್ ಮತ್ತು ಸರ್ವರ್ ಖರ್ಚಿನ ಲೆಕ್ಕ ಎಲ್ಲರಿಗೂ ಕಾಣುವಂತಿರಲಿ, ಸದಸ್ಯರು ಇಷ್ಟವಿದ್ದಷ್ಟು ಕೊಡಲಿ, ಸಂಭಾವನೆ ಕೊಡಲಾಗುವುದಿಲ್ಲ ಎಂದು ಮೊದಲೇ ಸ್ಪಷ್ಟವಾಗಿ ಬರೆಯೋಣ.

ಮೌನಓದುಗ

ನಾನು ಈ ಬಳಗದಲ್ಲಿ ಹಲವು ವರ್ಷಗಳಿಂದ ಇದ್ದರೂ ಇದೇ ನನ್ನ ಮೊದಲ ಬರಹ. ಮೇಲೆ ಹೇಳಿದ ನೂರರಲ್ಲಿ 90 ಮಂದಿಯ ಪೈಕಿ ನಾನೊಬ್ಬ. ನಾನು ಚಿತ್ರ ಬರೆಯುವುದಿಲ್ಲ, ಕವಿತೆ ಬರೆಯುವುದಿಲ್ಲ, ಮುಂದೆಯೂ ಬರೆಯಲಾರೆ. ಆದರೆ ನಿಮ್ಮ ಕೃತಿಗಳನ್ನು ಓದಿದ್ದೇನೆ. ಎರಡನೇಕರಡು ಅವರ ಕತೆಗಳ ಅಂತ್ಯಗಳು ಯಾವಾಗಲೂ ಒಂದು ಪ್ಯಾರಾ ಹೆಚ್ಚಾಗಿರುತ್ತವೆ ಎಂದು ನನಗೆ ಬಹಳ ಹಿಂದೆಯೇ ಅನಿಸಿತ್ತು. ಹೇಳಲು ನಾನ್ಯಾರು ಎಂದು ಸುಮ್ಮನಿದ್ದೆ. ನೆರಳುಬೆಳಕು ಅವರ ಸೂರ್ಯಾಸ್ತಗಳಲ್ಲಿ ಒಂದು, ದೋಣಿಯಿಲ್ಲದ್ದು, ಈಗಲೂ ನನಗೆ ಇಷ್ಟ.

ಪ್ರಕಟವಾದವರೇ ಓದುವ ಹೊಣೆ ಹೊರಬೇಕು ಎಂದು ಮಸಿಕುಡಿಕೆಯವರು ಬರೆದಿದ್ದರು. ಏನನ್ನೂ ಪ್ರಕಟಿಸದವರು ಆ ಹೊಣೆ ಹೊರಬಹುದೇ? ನಮಗೆ ಪೈಪೋಟಿಯಿಲ್ಲ, ಸಮಯವಿದೆ.

ಎರಡನೇಕರಡು

ಮೌನಓದುಗರೇ, ಒಂದು ಪ್ಯಾರಾ ಹೆಚ್ಚು ಎಂಬ ಮಾತು ಓದಿ ಹಳೆಯ ಐದು ಕತೆಗಳನ್ನು ತೆರೆದು ನೋಡಿದೆ. ನಾಲ್ಕರಲ್ಲಿ ನೀವು ಹೇಳಿದ್ದು ಸರಿ. ಐದನೆಯದರ ಬಗ್ಗೆ ನಾವು ಜಗಳವಾಡಬೇಕಾಗುತ್ತದೆ.

ಮಸಿಕುಡಿಕೆಯವರೇ, ಮೊದಲ ಸಂಚಿಕೆಯ ಬರಹದ ಸ್ಥಾನಕ್ಕೆ ಇವರ ಹೆಸರನ್ನು ನಾನು ಸೂಚಿಸುತ್ತಿದ್ದೇನೆ. ಇವರು ಒಪ್ಪಿದರೆ ಈ ವಾರವೇ ಮೂರು ಕತೆಗಳನ್ನು ಹೆಸರು ತೆಗೆದು ಕಳುಹಿಸುತ್ತೇನೆ. ಅವುಗಳಲ್ಲಿ ಒಂದು ನನ್ನದು, ಯಾವುದೆಂದು ಹೇಳುವುದಿಲ್ಲ. 21 ದಿನಗಳ ಲೆಕ್ಕ ಅಲ್ಲಿಂದಲೇ ಆರಂಭವಾಗಲಿ.